ಬಾಯಿಗೆ ಅಡ್ಡ ಹಿಡಿದ ಕೈ

ಮಾರ್ಚ್ ೩, ಮಂಗಳವಾರ

ಪ್ರೀತಿಯ ಸೂಜಿಗೆ,

ಹೇಗಿದ್ದೀಯೇ? ಮಂಡಿ ನೋವು ಕಡಿಮೆಯಾಯಿತಾ? ಮೊಮ್ಮಗಳು ಹೆಜ್ಜೆ ಹಾಕುತ್ತಿದ್ದಾಳಾ? ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಈ ಮಾತನ್ನು ಸುಳ್ಳಿಲ್ಲದೆ ಬರೆಯುವ ಹಾಗಾಗಲಿ ಅಂತ ಕಾದು ಕಾದು ಇಷ್ಟು ತಡವಾಯಿತು.

ನೀನು ನನ್ನ ಮೇಲೆ ಕೆಂಡ ಕಾರುತ್ತಿರುತ್ತೀಯ, ಗೊತ್ತು. ಎಷ್ಟು ಸಲ ಫೋನ್ ಮಾಡಿದೆ, ಒಂದು ಸಲವೂ ನಾನು ಎತ್ತಲಿಲ್ಲ. 'ಕೆಲಸದಲ್ಲಿದ್ದೀನಿ, ಆಮೇಲೆ ಮಾಡ್ತೀನಿ' ಅಂತ ಮೆಸೇಜು ಕಳಿಸಿ ಕಳಿಸಿ ತಪ್ಪಿಸಿಕೊಂಡೆ. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಬಾಯಲ್ಲಿ ಹಲ್ಲಿರಲಿಲ್ಲ ಕಣೇ. ಮಾತಾಡಿದರೆ ಗಾಳಿ ಸೋರಿದ ಟೈರಿನ ಹಾಗೆ ಬುಸ್ ಬುಸ್ ಅನ್ನುತ್ತಿತ್ತು. ನಿನಗೆ ಕೇಳಿಸಿದರೆ ನೀನು ಮೊದಲು ನಗುತ್ತೀಯ, ಆಮೇಲೆ ಅಳುತ್ತೀಯ. ಎರಡೂ ನನಗೆ ಬೇಡವಾಗಿತ್ತು. ಈಗ ಹಲ್ಲು ಬಂದಿದೆ, ಫೋನ್ ಮಾಡಬಹುದಿತ್ತು. ಆದರೆ ಹೇಳಬೇಕಾದದ್ದು ಬಾಯಿಗೆ ಬರುವಂಥದ್ದಲ್ಲ. ನಿನಗೆ ಗೊತ್ತಲ್ಲ, ನಾನು ಶಾಲೆ ಬಿಟ್ಟು ಸೇರಿ, ಬಿಟ್ಟು ಸೇರಿ, ಆರನೇ ಕ್ಲಾಸಿಗೆ ಮುಗಿಸಿದವಳು. ತಪ್ಪಿದ್ದ ಕಡೆ ನೀನೇ ಸರಿಮಾಡಿಕೊಂಡು ಓದು.

ಮೊದಲಿಂದ ಹೇಳುತ್ತೇನೆ. ನಮ್ಮ ಹೊಲಿಗೆ ಶೆಡ್ಡಿನಲ್ಲಿ ಎರಡು ಮಿಷನ್ನಿಗೆ ಒಂದು ಕತ್ತರಿ ಕೊಟ್ಟಿದ್ದರಲ್ಲ, ದಾರ ಕಟ್ಟಿ ನೇತುಹಾಕಿ. ಅದು ಯಾವಾಗಲೂ ನಿನ್ನ ಕಡೆಯೇ ಇರುತ್ತಿತ್ತು. ನಾನು ಹಲ್ಲಲ್ಲೇ ದಾರ ಕಚ್ಚಿ ಕಚ್ಚಿ ಮುಂದಿನ ಹಲ್ಲಿಗೆ ಗರಗಸದ ಹಾಗೆ ಕಚ್ಚು ಬಿದ್ದಿತ್ತು. ಗುಂಡುಪಿನ್ನು ಸಾಲಾಗಿ ಕಚ್ಚಿಕೊಂಡೇ ನಿನ್ನ ಜೊತೆ ಹರಟುತ್ತಿದ್ದೆ. ನೀನು ಮಗಳ ಮನೆಗೆ ಹೋದಮೇಲೆ ಕತ್ತರಿ ನನಗೊಬ್ಬಳಿಗೇ ಸಿಕ್ಕಿತು. ಆದರೆ ಅಷ್ಟರಲ್ಲಿ ಅಭ್ಯಾಸ ಕೂತುಬಿಟ್ಟಿತ್ತು, ಕೈ ಕತ್ತರಿಗೆ ಹೋಗುವ ಮೊದಲು ಬಾಯಿ ದಾರಕ್ಕೆ ಹೋಗುತ್ತಿತ್ತು. ಮೇಲಾಗಿ ವಸಡು. ಬ್ರಷ್ ಮಾಡಿದರೆ ರಕ್ತ, ಸೇಬು ಕಚ್ಚಿದರೆ ರಕ್ತ. ನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ರಜೆ ಹಾಕಿ ಎರಡು ಬಸ್ಸು ಬದಲಿಸಿ ಹೋಗಿ ಕೀಳಿಸಿ ಬರುವುದು. ನಮ್ಮ ಬಡಾವಣೆಯಲ್ಲಿ ಎಲ್ಲರದೂ ಇದೇ ಕಥೆ. ಒಂದು ಹಲ್ಲು ಹೋದರೆ ಒಂದು ತಲೆನೋವು ಹೋಯಿತು ಅಂತಲೇ ಲೆಕ್ಕ.

ಇದು ಎಷ್ಟು ಜನರ ಕಥೆ ಅಂತ ಗೊತ್ತಾದದ್ದು ನೀರಿನ ಟ್ಯಾಂಕಿನ ಹತ್ತಿರದ ಸಮುದಾಯ ಭವನಕ್ಕೆ ಹಲ್ಲಿನ ಡಾಕ್ಟರುಗಳು ವ್ಯಾನು ತಂದಾಗ. ಪುಕ್ಕಟೆ ತಪಾಸಣೆ ಅಂತ ಇಡೀ ಬೀದಿಯೇ ಸಾಲು ನಿಂತಿತ್ತು. ನಾನು ಹಿಂದೆ ಹಿಂದೆ ಸರಿಯುತ್ತಾ ಕೊನೆಗೆ ನಿಂತೆ. ನಮ್ಮ ಮೇಲ್ಮನೆಗೆ ಹೊಸದಾಗಿ ಬಂದ ಟೀಚರಮ್ಮ ಸಾಲಿನಲ್ಲಿ ಏನು ಹೇಳಿದಳು ಗೊತ್ತಾ? "ಬೇಜಾರು ಮಾಡ್ಕೋಬೇಡಿ, ನಾನು ಬಂದ ಹೊಸದ್ರಲ್ಲಿ ಈ ಬೀದಿಯವರಿಗೆ ಎಷ್ಟು ಜಂಬ ಅಂದ್ಕೊಂಡಿದ್ದೆ. ಎದುರಿಗೆ ಸಿಕ್ಕರೆ ತುಟಿ ಬಿಗಿ ಹಿಡ್ಕೊಂಡು ತಲೆ ಅಲ್ಲಾಡಿಸ್ತಾರೆ, ಒಬ್ಬರೂ ಬಾಯಿಬಿಟ್ಟು ನಗಲ್ಲ. ಈಗ ಗೊತ್ತಾಯ್ತು." ರಿಟೈರಾದ ಕಂಡಕ್ಟರ್ ಮಾವ ತಿರುಗಿ ಬಾಯಿ ಅಗಲಿಸಿ ತೋರಿಸಿದರು. "ನೋಡಮ್ಮ, ಸೀಟೆಲ್ಲ ಖಾಲಿ. ಎರಡೇ ಜನ ಸ್ಟ್ಯಾಂಡಿಂಗು. ಅವರೂ ಮುಂದಿನ ಸ್ಟಾಪಲ್ಲಿ ಇಳೀತಾರೆ." ಸಾಲಿಗೆ ಸಾಲೇ ನಕ್ಕಿತು, ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು! ನಾನೂ ಇಟ್ಟುಕೊಂಡಿದ್ದೆ.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನನ್ನ ಹಲ್ಲನ್ನು ಬೆರಳಲ್ಲಿ ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. "ಅಮ್ಮಾ, ವಸಡಿನ ಕೆಳಗೆ ಮೂಳೆನೇ ಉಳಿದಿಲ್ಲ. ಮೇಲಿನವೆಲ್ಲ ತೆಗೀಬೇಕು, ಕೆಳಗೂ ಮುಂದಿನವು ತೆಗೀಬೇಕು," ಅಂದಳು. ನನಗೆ ಜೀವ ಬಾಯಿಗೆ ಬಂತು. ಮೂಳೆ ಕರಗಿದೆ ಅಂದರೆ ಅದು ಬೇರೇನೋ ದೊಡ್ಡ ಕಾಯಿಲೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಅಂತ ಹತ್ತು ಥರ ಕೇಳಿದೆ. ಅವಳು ಪಾಪ ಹತ್ತು ಥರವೂ ಒಂದೇ ಉತ್ತರ ಕೊಟ್ಟಳು. "ವಸಡಿನ ರೋಗ ಅಷ್ಟೇ ಅಮ್ಮ. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಈ ಬಡಾವಣೆಯಲ್ಲಿ ನಡುವಯಸ್ಸು ದಾಟಿದವರಲ್ಲಿ ಪೂರ್ತಿ ಹಲ್ಲಿರೋರು ಒಬ್ಬರೂ ಸಿಗಲಿಲ್ಲ."

ಕಿತ್ತರು. ಒಂದೇ ಸಲಕ್ಕಲ್ಲ, ಅವರ ಕ್ಲಿನಿಕ್ಕಿಗೆ ಕರೆಸಿಕೊಂಡು ಕಂತು ಕಂತಾಗಿ. ವಸಡು ಮಾಗಿದಮೇಲೆ ಅಚ್ಚು ತೆಗೆದು ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ಕಾಯಿರಿ ಅಂದರು. ಆ ಕಾಯುವ ದಿನಗಳದ್ದೇ ಈ ಪತ್ರ.

ಕನ್ನಡಿಯಲ್ಲಿ ನೋಡಿದರೆ ನಮ್ಮ ಅಜ್ಜಿ. ಕೆನ್ನೆ ಒಳಗೆ, ಗದ್ದ ಮುಂದೆ. ಹೊರಗೆ ಹೋಗುವಾಗ ಮಾಸ್ಕು ಹಾಕಿಕೊಂಡೆ, ಶೆಡ್ಡಿನಲ್ಲಿ ಬಟ್ಟೆಯ ಧೂಳಿನ ನೆಪ ಹೇಳಿದೆ. ಮನೆಯಲ್ಲಿ ಮಾಸ್ಕು ಹಾಕಲಾಗುತ್ತಾ? ಮನೆಯಲ್ಲಿ ಕರವಸ್ತ್ರ. ಇವರು ಎದುರಿಗೆ ಬಂದರೆ ಸಾಕು, ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಒಲೆಯ ಕಡೆ ತಿರುಗಿ ಮಾತಾಡುತ್ತಿದ್ದೆ, ಕಪಾಟಿನ ಕಡೆ ತಿರುಗಿ ಮಾತಾಡುತ್ತಿದ್ದೆ.

ಇವರ ವಿಷಯಕ್ಕೆ ಬರುತ್ತೇನೆ. ನಮ್ಮ ಯಜಮಾನರನ್ನು ನೀನು ನೋಡಿದ್ದೀಯ. ತಗಡು ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ ಮೇಲೆ ಇಡೀ ಆಯುಸ್ಸು ಕಳೆದವರು. ಮಾತು ಕಡಿಮೆ, ಆಡಿದರೆ ಗಂಟಲು ದೊಡ್ಡದು. ಆದರೆ ನಾನು ಮಾತಾಡುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ತಿರುಗಿ ಕೂತು, ಮುಖವನ್ನೇ ನೋಡುತ್ತಾ ಕೇಳುವವರು. ನೀನೇ ಒಂದು ಸಲ ಹೊಟ್ಟೆಕಿಚ್ಚುಪಟ್ಟಿದ್ದೆ, "ನನ್ನ ಗಂಡ ಪೇಪರ್ ಹಿಂದಿನಿಂದ ಮಾತಾಡ್ತಾನೆ, ನಿನ್ನ ಗಂಡ ನೋಡು, ಮದುವೆ ಹೆಣ್ಣನ್ನ ನೋಡ್ದಂಗೆ ನೋಡ್ತಾನೆ" ಅಂತ.

ಹಲ್ಲು ಹೋದಮೇಲೂ ನೋಡುತ್ತಿದ್ದರು. ಮೊದಲಿಗಿಂತ ಜಾಸ್ತಿ ನೋಡುತ್ತಿದ್ದರು. ನೇರವಾಗಿ ಬಾಯಿಯನ್ನೇ! ಹುಬ್ಬು ಗಂಟು ಹಾಕಿಕೊಂಡು, ಕುತ್ತಿಗೆ ಮುಂದೆ ಚಾಚಿ, ಏನೋ ಅಸಹ್ಯ ಕಂಡವರ ಹಾಗೆ. ನಾನು ಕೈ ಅಡ್ಡ ಇಟ್ಟರೆ ಆ ಕಡೆಯಿಂದ ಬಗ್ಗಿ ನೋಡುವುದು. ನಾನು ಕುಗ್ಗಿ ಹೋದೆ ಕಣೇ. ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡೆ. ಆಮೇಲಾಮೇಲೆ ಅವರು ನೋಡುವುದನ್ನೂ ಬಿಟ್ಟರು. ನಾನು ಏನಾದರೂ ಕೇಳಿದರೆ ಉತ್ತರವಿಲ್ಲ, ಇಲ್ಲವೇ ಸಂಬಂಧವಿಲ್ಲದ ಉತ್ತರ. ತಟ್ಟೆ ತೆಗೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತು ಊಟ ಮಾಡುವುದು. ಸಂಜೆಯಾದರೆ ಬಸ್ ಸ್ಟಾಪಿನ ಬೆಂಚು. ಕಂಡಕ್ಟರ್ ಮಾವನೇ ಕೇಳಿದರು, "ಏನಮ್ಮ, ನಿಮ್ಮ ಯಜಮಾನ್ರು ಬಸ್ಸು ಹತ್ತೋದೂ ಇಲ್ಲ, ಮನೆಗೆ ಹೋಗೋದೂ ಇಲ್ಲ, ಜಗಳಾನಾ?" ಇಲ್ಲ ಅಂದೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಲ್ಲಿಗೆ ನಿಲ್ಲಿಸುತ್ತೇನೆ, ನೀರು ಬಿಟ್ಟಿದ್ದಾರೆ. ನಾಳೆ ಮುಂದುವರಿಸುತ್ತೇನೆ.

ಬುಧವಾರ

ರಾತ್ರಿಯೆಲ್ಲ ಯೋಚನೆ ಬಂತು, ನಿನಗೆ ಇದನ್ನೆಲ್ಲ ಬರೆಯಬೇಕೋ ಬೇಡವೋ ಅಂತ. ಪೋಸ್ಟಿನಲ್ಲಿ ಯಾರಾದರೂ ಒಡೆದು ಓದಿದರೆ? ನಿನ್ನ ಅಳಿಯನ ಕೈಗೆ ಸಿಕ್ಕಿದರೆ? ಸಿಕ್ಕಲಿ ಬಿಡು. ಅವನಿಗೂ ಒಂದು ದಿನ ಹಲ್ಲು ಹೋಗುತ್ತೆ.

ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಇವರು ಕುರ್ಚಿಯಲ್ಲಿ ಕೂತು ಚಪ್ಪಲಿಯ ಪಟ್ಟಿಗೆ ಗಮ್ಮು ಹಚ್ಚುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು, ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೇಳಿದೆ: "ನನ್ನ ಮುಖ ನೋಡೋಕೆ ಆಗ್ತಿಲ್ಲ ಅಂದ್ರೆ ಹೇಳಿಬಿಡಿ. ನಾನು ತಂಗಿ ಮನೆಗೆ ಹೋಗ್ತೀನಿ. ಅಲ್ಲೇ ಇರ್ತೀನಿ." ಅವರು ತಲೆ ಎತ್ತಿ ನನ್ನನ್ನೂ ಕರವಸ್ತ್ರವನ್ನೂ ನೋಡಿದರು. ಆಮೇಲೆ "ಹೂಂ, ಆಯ್ತು" ಅಂದರು. ಮತ್ತೆ ಚಪ್ಪಲಿ.

ಹೂಂ, ಆಯ್ತು! ಇಷ್ಟು ವರ್ಷ ಜೊತೆಯಲ್ಲಿ ಇದ್ದದ್ದಕ್ಕೆ ಎರಡು ಪದ. ನನಗೆ ಅಳುವೂ ಬರಲಿಲ್ಲ. ಸೀದಾ ಹೋಗಿ ಮಂಚದ ಕೆಳಗಿನ ಬ್ಯಾಗು ತೆಗೆದು ಬಟ್ಟೆ ತುಂಬಿದೆ. ಆಮೇಲೆ ನೆನಪಾಯಿತು, ಗುರುವಾರ ಸೆಟ್ಟು ಕೂರಿಸುವ ದಿನ. ಬೊಚ್ಚುಬಾಯಲ್ಲಿ ತಂಗಿಯ ಮನೆಯ ಬಾಗಿಲು ತಟ್ಟುವುದಕ್ಕಿಂತ ಹಲ್ಲು ಹಾಕಿಸಿಕೊಂಡೇ ಹೋಗೋಣ ಅಂದುಕೊಂಡೆ. ಸಿಟ್ಟಲ್ಲೂ ನನ್ನ ಲೆಕ್ಕಾಚಾರ ನೋಡು. ಬ್ಯಾಗನ್ನು ಇವರಿಗೆ ಕಾಣಲಿ ಅಂತಲೇ ಹಜಾರದ ನಡುವೆ ಇಟ್ಟೆ. ಅವರು ಅದನ್ನು ಎಡವಿ, ಪಕ್ಕಕ್ಕೆ ಸರಿಸಿ, ಹೋಗಿ ಮಲಗಿದರು.

ಗುರುವಾರ ನನ್ನ ಪಾಡಿಗೆ ನಾನು ಹೊರಟರೆ ಇವರೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. ಕಳಿಸಿಕೊಟ್ಟು ಕೈತೊಳೆದುಕೊಳ್ಳಲು ಬರುತ್ತಿದ್ದಾರೆ ಅಂದುಕೊಂಡೆ. ಬಸ್ಸಿನಲ್ಲಿ ನಾನು ಕಿಟಕಿ ಕಡೆ, ಅವರು ನನ್ನ ಕಡೆ.

ಕ್ಲಿನಿಕ್ಕಿನಲ್ಲಿ ಅದೇ ಡಾಕ್ಟರಮ್ಮ. ಮಾಸ್ಕು ಹಾಕಿಕೊಂಡು, ಕೈಗವಸು ಹಾಕಿಕೊಂಡು, ಸೆಟ್ಟು ಕೂರಿಸಿ, ತೆಗೆದು, ಉಜ್ಜಿ, ಮತ್ತೆ ಕೂರಿಸಿದಳು. ಬಾಯಲ್ಲಿ ಯಾರದೋ ಮನೆಯ ಪಾತ್ರೆ ಇಟ್ಟ ಹಾಗಿತ್ತು. ಇವರು ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಡಾಕ್ಟರಮ್ಮ ತಿರುಗಿ ಇವರನ್ನೇ ಕೇಳಿದಳು, "ಯಜಮಾನ್ರೇ, ನೀವು ನೋಡಿ ಹೇಳಿ. ಮುಂದಿನ ಹಲ್ಲು ಸ್ವಲ್ಪ ಉದ್ದ ಅನ್ಸತ್ತಾ?"

ಇವರು ಅವಳ ಮುಖ ನೋಡಿದರು. "ಹೂಂ, ಆಯ್ತು" ಅಂದರು.

"ಆಯ್ತು ಅಲ್ಲ, ಉದ್ದ ಇದೆಯಾ, ಸರಿ ಇದೆಯಾ?"

"ಹೂಂ, ಆಯ್ತು."

ನನಗೆ ಅವಮಾನ. ಬೇರೆಯವರ ಎದುರಿಗೂ ಹೀಗಾ ಅಂತ. ಆದರೆ ಆ ಹುಡುಗಿ ಏನೋ ಯೋಚಿಸಿದವಳ ಹಾಗೆ ನಿಂತಳು. ಆಮೇಲೆ ಮಾಸ್ಕನ್ನು ಗದ್ದಕ್ಕೆ ಇಳಿಸಿ ಅದೇ ಮಾತನ್ನು ಮೆಲ್ಲಗೆ, ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಕೇಳಿದಳು. ಇವರ ಮುಖ ಅರಳಿತು. "ಇಲ್ಲಮ್ಮ, ಉದ್ದ ಇಲ್ಲ. ಬಲಗಡೆ ಒಂದು ಚೂರು ಹೊರಗಿದೆ ಅಷ್ಟೇ," ಅಂದರು. ಅವಳು ಮಾಸ್ಕು ಮೇಲೇರಿಸಿ ಇನ್ನೇನೋ ಗಟ್ಟಿಯಾಗಿ ಕೇಳಿದಳು. ಇವರು ಸುಮ್ಮನೆ ಅವಳ ಮಾಸ್ಕು ನೋಡಿದರು.

"ಅಮ್ಮಾ," ಅಂದಳು ನನ್ನ ಕಡೆ ತಿರುಗಿ, "ಇವರಿಗೆ ಕಿವಿ ಕೇಳಿಸಲ್ಲ ಅಂತ ನೀವ್ಯಾಕೆ ಹೇಳಲಿಲ್ಲ?"

ನನಗೆ ಗೊತ್ತಿದ್ದರೆ ತಾನೇ ಹೇಳುವುದು! ಕುಕ್ಕರ್ ಒಂದು ಸೀಟಿ ಕಡಿಮೆ ಹೊಡೆದರೆ ಸಿಡಿದೀತು ಅಂತ ಹೆದರುವವಳು ನಾನು. ನೀನು ಸೂಜಿ, ನಾನು ಗಾಬರಿ ಅಂತ ಶೆಡ್ಡಿನಲ್ಲಿ ಅಡ್ಡಹೆಸರು ಬಿದ್ದದ್ದು ಸುಮ್ಮನೆಯಾ? ಗಂಡನ ಕಿವಿ ಹೋದದ್ದು ಗೊತ್ತಾಗಲಿಲ್ಲ ಅಂದರೆ ಯಾರು ನಂಬುತ್ತಾರೆ? ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ಗಂಡಸರು ಹಾಗೇ ಅಂದುಕೊಂಡೆ. ಫೋನ್ ಎತ್ತುತ್ತಿರಲಿಲ್ಲ, ಸೋಮಾರಿತನ ಅಂದುಕೊಂಡೆ. ಡಾಕ್ಟರಮ್ಮ ಅವರೆದುರು ಕುರ್ಚಿ ಎಳೆದುಕೊಂಡು ಕೂತು, ಮಾಸ್ಕಿಲ್ಲದ ಬಾಯಲ್ಲಿ ಒಂದೊಂದಾಗಿ ಕೇಳಿದಳು. ಕಾರ್ಖಾನೆಯಲ್ಲಿ ಪ್ರೆಸ್ಸಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರಂತೆ, ತಮಾಷೆ, ಬೈಗುಳ, ಎಲ್ಲ. ಕಿವಿ ಸ್ವಲ್ಪ ಸ್ವಲ್ಪ ಹೋದ ಹಾಗೆ ಮನೆಗೂ ಅದನ್ನೇ ತಂದರು. ಪೂರ್ತಿ ಹೋಗಿ ನಾಲ್ಕೈದು ವರ್ಷ ಆಗಿರಬೇಕು ಅಂದರು, ನೆಲ ನೋಡುತ್ತಾ.

ನಾನು ಕೇಳಿದೆ, "ನನಗ್ಯಾಕೆ ಹೇಳಲಿಲ್ಲ?" ಹೊಸ ಹಲ್ಲಲ್ಲಿ ಆಡಿದ ಮೊದಲ ಮಾತು ಅದೇ. ಕಟ ಕಟ ಅಂತು. ಇವರು ನನ್ನ ಬಾಯಿಯನ್ನೇ ನೋಡಿದರು. ಕಣ್ಣಲ್ಲಿ ನೀರು.

"ಕಾಣಿಸ್ತು," ಅಂದರು. "ನಿನ್ನ ಮಾತು ಕಾಣಿಸ್ತು ಕಣೇ."

ಆಮೇಲೆ ಅಂದರು, "ಹೇಳಿದ್ರೆ ನೀನು ಹೆದರ್ಕೊಂಡು ಊಟ ಬಿಡ್ತಿದ್ದೆ. ಹೇಗೂ ನಡೀತಿತ್ತಲ್ಲ ಅಂತ ಬಿಟ್ಟೆ. ನೀನು ಬಾಯಿ ಮುಚ್ಚಿಕೊಂಡ್ಮೇಲೆ ಮನೇಲಿ ಕರೆಂಟ್ ಹೋದಂಗಾಯ್ತು. ನಿನಗೆ ಗೊತ್ತಾಗಿಬಿಟ್ಟಿದೆ, ಇಷ್ಟು ದಿನ ಮೋಸ ಮಾಡಿದನಲ್ಲ ಅಂತ ಸಿಟ್ಟಿಗೆ ಬೇಕೂಂತಲೇ ಮುಚ್ಕೋತಿದೀಯ ಅಂದ್ಕೊಂಡೆ. ನೀನು ಕೈ ಅಡ್ಡ ಹಿಡಿದಾಗೆಲ್ಲ ನನ್ನನ್ನ ಹೊರಗಿಟ್ಟು ಬಾಗಿಲು ಹಾಕ್ದಂಗೆ ಆಗ್ತಿತ್ತು. ಅದಕ್ಕೇ ಮೆಟ್ಟಿಲ ಮೇಲೆ ಹೋಗಿ ಕೂರ್ತಿದ್ದೆ."

ನಾನು ಅವತ್ತು ಭಾನುವಾರ ಹೇಳಿದ್ದನ್ನು, ಈ ಸಲ ಕರವಸ್ತ್ರವಿಲ್ಲದೆ, ಮತ್ತೆ ಹೇಳಿ ತೋರಿಸಿದೆ. ಇವರು ಹೌಹಾರಿದರು. "ಅಯ್ಯೋ, ಅದಾ ನೀನು ಕೇಳಿದ್ದು? ನಾನು ಅಂಗಡಿಗೆ ಹೋಗಿ ಬರ್ತೀನಿ ಅಂತಿದೀಯ ಅಂದ್ಕೊಂಡೆ! ಮತ್ತೆ ಆ ಬ್ಯಾಗು?"

"ತಂಗಿ ಮನೆಗೆ."

"ಹಳೇ ಬಟ್ಟೆ ಯಾರಿಗೋ ಕೊಡೋಕೆ ಕಟ್ಟಿಟ್ಟಿದೀಯ ಅಂತ ನನ್ನ ಎರಡು ಶರ್ಟನ್ನೂ ಅದಕ್ಕೇ ತುರುಕಿದ್ದೀನಲ್ಲೇ!"

ಡಾಕ್ಟರಮ್ಮ ಆ ಕಡೆ ತಿರುಗಿ ಭುಜ ಕುಣಿಸಿ ನಕ್ಕಳು. ನಾನೂ ನಕ್ಕೆ, ಕೈ ಅಡ್ಡ ಇಡದೆ. ಬಲಗಡೆಯ ಹಲ್ಲನ್ನು ಇವರು ಹೇಳಿದಷ್ಟೇ ಉಜ್ಜಿ ಸರಿಮಾಡಿಕೊಟ್ಟಳು.

ವಾಪಸ್ಸು ಬಸ್ಸಿನಲ್ಲಿ ನಾನು ಒಂದು ಆಟ ಆಡಿದೆ. ಧ್ವನಿಯನ್ನೇ ಹೊರಡಿಸದೆ ಬರೀ ತುಟಿ ಆಡಿಸಿದೆ. ಮುಂದಿನ ಸೀಟಿನವನ ವಿಗ್ಗಿನ ಬಗ್ಗೆ ಏನೇನೋ ಅಂದೆ. ಇವರು ಆ ದೊಡ್ಡ ಗಂಟಲಲ್ಲಿ "ಹೌದು, ಜಾರಿದೆ!" ಅಂದುಬಿಟ್ಟರು. ಇಡೀ ಬಸ್ಸು ತಿರುಗಿತು. ನನಗೆ ನಗು ತಡೆಯಲಾಗದೆ ಸೆಟ್ಟು ಈಚೆ ಬರುವುದೊಂದು ಬಾಕಿ.

ಈಗ ಮನೆಯಲ್ಲಿ ಎಷ್ಟು ಹಗುರವಾಗಿದೆ ಅಂತ ಹೇಗೆ ಬರೆಯಲಿ? ಇವರು ತಟ್ಟೆ ಹಿಡಿದು ಒಳಗೇ ಕೂರುತ್ತಾರೆ, ಎದುರಿಗೇ. ಸೆಟ್ಟಿನಲ್ಲಿ ಕೆಲವು ಮಾತು ಇನ್ನೂ ಸರಿಯಾಗಿ ಹೊರಳುವುದಿಲ್ಲ, ಇವರೇ ನನಗೆ ಮೇಷ್ಟ್ರು. "ಊಹೂಂ, ಮೇಲಿನ ತುಟಿ ಏಳಲಿಲ್ಲ, ಇನ್ನೊಂದ್ಸಲ." ಕಿವಿಯ ಡಾಕ್ಟರ ಹತ್ತಿರ ಮುಂದಿನ ವಾರ ಹೋಗಬೇಕು. ಕಿವಿಗೆ ಮಿಷನ್ ಹಾಕಿದರೆ ಒಂದಿಷ್ಟು ಕೇಳಿಸಬಹುದಂತೆ, ಕೇಳಿಸದೆಯೂ ಇರಬಹುದಂತೆ. ನನಗೆ ಅದಕ್ಕೂ ಹೆದರಿಕೆ. ಕೇಳಿಸಿ, ನನ್ನ ಈ ಹೊಸ ಕಟಕಟ ಧ್ವನಿ ಅವರಿಗೆ ಹಿಡಿಸದಿದ್ದರೆ? ಹೀಗೆ ಅಂದದ್ದಕ್ಕೆ ಅವರು ನನ್ನ ತಲೆಗೆ ಒಂದು ಮೊಟಕಿದರು. ಬೀದಿಯಲ್ಲೂ ವಿಷಯ ಗೊತ್ತಾಗಿದೆ. ಕಂಡಕ್ಟರ್ ಮಾವ ಸೆಟ್ಟಿಗೆ ಅಚ್ಚು ಕೊಟ್ಟು ಬಂದಿದ್ದಾರೆ, "ಫುಲ್ ಲೋಡ್ ಆಗಿ ಬರ್ತೀನಿ" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ನೀನು ಮಾತ್ರ ತಡಮಾಡಬೇಡ. ಬ್ರಷ್ಷಿನಲ್ಲಿ ರಕ್ತ ಕಂಡರೆ ಮಾತ್ರೆ ನುಂಗಿ ಕೂರಬೇಡ, ಹೋಗಿ ತೋರಿಸು. ಮೊಮ್ಮಗಳಿಗೆ ಹಲ್ಲಲ್ಲಿ ಏನನ್ನೂ ಬಿಚ್ಚಲು ಕಲಿಸಬೇಡ. ನಿನ್ನ ಮಂಡಿ ಬೇಗ ವಾಸಿಯಾಗಲಿ, ಮಗಳು ಅಳಿಯ ಸುಖವಾಗಿರಲಿ, ನಿನ್ನ ಮನೆಯಲ್ಲಿ ಯಾರೂ ಯಾರಿಂದಲೂ ಮುಖ ತಿರುಗಿಸದ ಹಾಗಾಗಲಿ. ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು, ಹಲ್ಲು ತಾಗದ ಹಾಗೆ.

ನಿನ್ನ,
ಗಾಬರಿ

ಮರೆತ ಮಾತು: ಮರೆತದ್ದಲ್ಲ ಸೂಜಿ. ಪತ್ರ ಮಡಿಚಿ ಕವರಿಗೆ ಹಾಕಿ, ಮತ್ತೆ ತೆಗೆದು ಬರೆಯುತ್ತಿದ್ದೇನೆ.

ನನ್ನ ಅಮ್ಮ ಕೊನೆಗಾಲಕ್ಕೆ ನನ್ನನ್ನೇ ಯಾರು ಅಂತ ಕೇಳುತ್ತಿದ್ದದ್ದು ನಿನಗೆ ಗೊತ್ತು. ನನಗೂ ಹಾಗೇ ಆಗುತ್ತದೆ ಅನ್ನುವ ಭಯ ನಿನಗೆ ಗೊತ್ತಿಲ್ಲ, ಅದನ್ನು ಇವರೊಬ್ಬರಿಗೆ ಹೇಳಿದ್ದೆ. ಹಗಲಲ್ಲಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ದೀಪ ಆರಿಸಿ ಮಲಗಿದಮೇಲೆ, ಕತ್ತಲಲ್ಲಿ, ಇವರ ತೋಳು ಹಿಡಿದುಕೊಂಡು ಹೇಳುತ್ತಿದ್ದೆ. ಇವತ್ತು ಬೀಗದ ಕೈ ಎಲ್ಲಿಟ್ಟೆ ಅಂತ ಮರೆತೆ, ಇವತ್ತು ಪಕ್ಕದ ಮನೆಯವಳ ಹೆಸರು ಹೊಳೆಯಲಿಲ್ಲ ಅಂತ. ಒಂದು ದಿನ ಕೇಳಿಯೇಬಿಟ್ಟೆ: "ನಾನು ನಿಮ್ಮನ್ನೇ ಮರೆತರೂ ನನ್ನನ್ನ ಎಲ್ಲೂ ಬಿಡಲ್ಲ ಅಲ್ವಾ?" "ಹೂಂ" ಅಂದರು. ಆ ಒಂದು ಹೂಂ ಇಟ್ಟುಕೊಂಡು ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ ಕಣೇ.

ನಿನ್ನೆ ಹೊಳೆಯಿತು. ಕತ್ತಲಲ್ಲಿ ತುಟಿ ಹೇಗೆ ಕಾಣಿಸುತ್ತೆ?

ಕೇಳಿದೆ. ನಾನು ಏನು ಹೇಳುತ್ತಿದ್ದೆ ಅಂತ ಬಾಯಿಬಿಡಲಿಲ್ಲ, ಕತ್ತಲಲ್ಲಿ ಹೂಂ ಅಂತಿದ್ದಿರಲ್ಲ, ಯಾಕೆ ಅಂತ ಮಾತ್ರ ಕೇಳಿದೆ. "ನಿನ್ನ ಕೈ ನನ್ನ ತೋಳು ಬಿಗಿ ಹಿಡಿದಿರ್ತಿತ್ತು. ಅದು ಸಡಿಲ ಆಗೋವರೆಗೂ ಹೂಂ ಅಂತಿದ್ದೆ," ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನ್ನ ಆ ಭಯ ಈ ಲೋಕದಲ್ಲಿ ಒಬ್ಬರಿಗಾದರೂ ಗೊತ್ತಿದೆ ಅಂದುಕೊಂಡಿದ್ದೆನಲ್ಲ, ಯಾರಿಗೂ ಗೊತ್ತಿರಲಿಲ್ಲ.

ಬೆಳಕಿನಲ್ಲಿ, ಎದುರಿಗೆ ಕೂತು ಆ ಮಾತನ್ನು ಮತ್ತೊಂದು ಸಲ ಕೇಳಬೇಕು. ಈಗ ಬಾಯಿ ಇದೆ, ಧೈರ್ಯ ಇಲ್ಲ. ಮಂಡಿ ಸ್ವಲ್ಪ ಬಾಗಿದರೂ ಸಾಕು, ಒಂದೆರಡು ದಿನಕ್ಕೆ ಬಾ. ಏನೂ ಮಾತಾಡಬೇಡ, ನನ್ನ ಪಕ್ಕದಲ್ಲಿ ಕೂತಿರು. ಕೇಳಿಬಿಡುತ್ತೇನೆ.